ಕಂಪ್ಯೂಟರಿನ ಕಳೆ ಕೀಳುವುದು ಹೇಗೆ?



ಕಾಂಗ್ರೆಸ್ ಗಿಡ ನಿಮಗೆಲ್ಲ ಗೊತ್ತು. ಅದನ್ನು ಯಾರೂ ಬಿತ್ತಲಿಲ್ಲ. ಹೊರದೇಶದಿಂದ ತರಿಸಿದ ಗೋಧಿಯ ಜೊತೆ ಅದರ ಬೀಜ ನಮ್ಮ ದೇಶಕ್ಕೆ ಬಂತು ಅಂತ ಹೇಳುತ್ತಾರೆ. ಕಂಪ್ಯೂಟರಿಗೂ ಕಳೆ ಹೀಗೇ ಬರುತ್ತದೆ. ನಾವು ಬೇಕಾದ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳುತ್ತೇವೆ, ಅದರ ಜೊತೆ ಬೇಡದ್ದು ಎರಡು ಬಂದು ಕೂತುಬಿಡುತ್ತವೆ.

ನಮ್ಮ ಮನೆಯಲ್ಲಿ ವಿಂಡೋಸ್ 11 ಇರುವ ಕಂಪ್ಯೂಟರ್ ಇದೆ. ಅದರಲ್ಲಿ ಅಮ್ಮನ ಸ್ತ್ರೀಶಕ್ತಿ ಸಂಘದ ಉಳಿತಾಯದ ಲೆಕ್ಕ ಇದೆ. ಹೋದ ತಿಂಗಳು ಅದು ಶುರುವಾಗೋಕೇ ಕಾಲು ಗಂಟೆ ಹಿಡಿಯುತ್ತಿತ್ತು. "ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಮೂಲೆಯಲ್ಲಿ ಪದೇ ಪದೇ ಬರುತ್ತಿತ್ತು. ರಿಪೇರಿಯವರು "ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು" ಅಂದರು. ಎಲ್ಲಾ ಅಳಿಸಿದರೆ 16 ಜನ ಹೆಂಗಸರ ಲೆಕ್ಕವೂ ಹೋಗುತ್ತದಲ್ಲ! ಅದಕ್ಕೆ ಅಣ್ಣ ಮತ್ತು ನಾನು ಸೇರಿ ಕಳೆ ಮಾತ್ರ ಕಿತ್ತೆವು. ಮಾಡಿದ್ದು ಹೀಗೆ:

1) ಮೊದಲು ಬೆಳೆ ಕಾಪಾಡಬೇಕು. ಬೇಕಾದ ಲೆಕ್ಕ, ಫೋಟೋ ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿ, ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಬೇಕು.

2) ಪರದೆಯ ಮೇಲಿನ ಚಿತ್ರ ಅಳಿಸಿದರೆ ಸಾಫ್ಟ್‌ವೇರ್ ಹೋಗುವುದಿಲ್ಲ. ಅದು ಗಿಡದ ತುದಿ ಮುರಿದ ಹಾಗೆ, ಬೇರು ಒಳಗೇ ಇರುತ್ತದೆ. ಸ್ಟಾರ್ಟ್ ಒತ್ತಿ ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್‌ಗೆ ಹೋಗಬೇಕು. ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿದರೆ ತೊಂದರೆ ಶುರುವಾದ ಹೊತ್ತಿಗೆ ಯಾವುದು ಬಂತು ಅಂತ ತಿಳಿಯುತ್ತದೆ. ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ ಅನ್‌ಇನ್‌ಸ್ಟಾಲ್ ಕೊಡಬೇಕು. ಒಂದನ್ನು ತೆಗೆದು, ರೀಸ್ಟಾರ್ಟ್ ಮಾಡಿ ನೋಡಿ, ಆಮೇಲೆ ಇನ್ನೊಂದು. ನಮಗೆ ಎರಡು ಸಿಕ್ಕವು. ಒಂದು ಬಿಟ್ಟಿ ಆಟದ ಜೊತೆ ಬಂದಿದ್ದು. ಇನ್ನೊಂದು "ಕಂಪ್ಯೂಟರನ್ನು ಚುರುಕು ಮಾಡುತ್ತೇನೆ" ಅನ್ನುವಂಥದ್ದು!

3) ಗೊತ್ತಿಲ್ಲದ್ದೆಲ್ಲ ಕಳೆ ಅಲ್ಲ. ಇಂಟೆಲ್, ರಿಯಲ್‌ಟೆಕ್, ವಿಷುವಲ್ ಸಿ ಪ್ಲಸ್ ಪ್ಲಸ್ ಅಂತ ಇದ್ದರೆ ಮುಟ್ಟಬಾರದು. ಧ್ವನಿ, ಚಿತ್ರ, ಬೇರೆ ಸಾಫ್ಟ್‌ವೇರ್ ಇವನ್ನೇ ನಂಬಿರುತ್ತವೆ. 'ನುಡಿ'ಯನ್ನೂ ತೆಗೆಯಬೇಡಿ. ಅದರ ಅಕ್ಷರಗಳು ಹೋದರೆ ಅದರಲ್ಲಿ ಬರೆದ ಹಳೆಯ ಕನ್ನಡ ಕಡತ ತೆರೆದಾಗ ಅರ್ಥವಾಗದ ಗುರುತುಗಳು ಕಾಣುತ್ತವೆ.

4) ಆಮೇಲೆ ಬ್ರೌಸರ್. ಯಾವುದೋ ತಾಣ "ಅಲೋ" ಒತ್ತಿ ಅಂದಾಗ ಒತ್ತಿದರೆ ಅದು ಮೂಲೆಯಲ್ಲಿ ಸುದ್ದಿ ಕಳಿಸುತ್ತಲೇ ಇರುತ್ತದೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಆ ತಾಣವನ್ನು ತೆಗೆಯಬೇಕು. ಎಕ್ಸ್‌ಟೆನ್ಶನ್ಸ್ ಪಟ್ಟಿಯಲ್ಲಿ ನಾವು ಹಾಕದೇ ಇರುವುದನ್ನೂ ತೆಗೆಯಬೇಕು. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಇದ್ದರೆ ಅದು ಮೋಸ.

5) ಕೊನೆಗೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಮಾಡಿಸಬೇಕು. ಸುಮಾರು 15 ನಿಮಿಷ ಸಾಕು, ದುಡ್ಡು ಕೊಡುವಂತಿಲ್ಲ.

ಹಳೆಯದಾಗಿ ಬಿದ್ದಿರುವುದೂ ಅಪಾಯವೇ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರನ್ನು ನಿಲ್ಲಿಸಿ, ಎಲ್ಲರೂ ತೆಗೆದುಹಾಕಿ ಅಂತ ತಾನೇ ಹೇಳಿತು. ತೂತು ಮುಚ್ಚುವವರು ಇಲ್ಲದ ಮೇಲೆ ಕಳ್ಳ ಬರುವುದು ಸುಲಭ.

ನಿಮಗಿದು ಗೊತ್ತೇ? 1971ರಲ್ಲಿ ಅಮೆರಿಕದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹೋಗುವ 'ಕ್ರೀಪರ್' ಅನ್ನುವ ಪ್ರೋಗ್ರಾಂ ಇತ್ತು. ಕ್ರೀಪರ್ ಅಂದರೆ ಬಳ್ಳಿ ಅಂತಲೂ ಅರ್ಥ. ಅದನ್ನು ಹುಡುಕಿ ಅಳಿಸಲು ರೇ ಟಾಮ್ಲಿನ್ಸನ್ ಮಾಡಿದ ಪ್ರೋಗ್ರಾಂ ಹೆಸರು 'ರೀಪರ್', ಅಂದರೆ ಕೊಯ್ಯುವವನು!

ಈಗ ನಮ್ಮ ಕಂಪ್ಯೂಟರ್ ಎರಡು ನಿಮಿಷದಲ್ಲಿ ಶುರುವಾಗುತ್ತದೆ. ಲೆಕ್ಕದಲ್ಲಿ ಒಂದು ಸಾಲೂ ಹೋಗಿಲ್ಲ. ಆದರೆ ಕಿತ್ತ ಮೇಲೆ ಮತ್ತೆ ಬೀಜ ಬೀಳಬಾರದು. ಹೊಸದೇನಾದರೂ ಹಾಕುವಾಗ ಸುಮ್ಮನೆ "ನೆಕ್ಸ್ಟ್, ನೆಕ್ಸ್ಟ್" ಒತ್ತಬೇಡಿ. ಪ್ರತಿ ಪುಟ ಓದಿ, ಬೇಡದ್ದರ ಮುಂದಿನ ಸರಿ ಗುರುತು ತೆಗೆಯಿರಿ. ಮನೆಯಲ್ಲಿ ಯಾರಾದರೂ ಅಂಥ ನಂಬರಿಗೆ ಫೋನ್ ಮಾಡಿ ದುಡ್ಡು ಕಳೆದುಕೊಂಡಿದ್ದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಫೋನ್ ಮಾಡಲು ಹೇಳಿ. ತಡ ಮಾಡಿದಷ್ಟೂ ದುಡ್ಡು ಸಿಗುವುದು ಕಷ್ಟ.

— 7ನೇ ತರಗತಿ