ಗಣಕಯಂತ್ರವು ಸ್ತಬ್ಧವಾದಾಗ

ಗಣಕಯಂತ್ರವು ಇಂದು ನಮ್ಮ ಕಾಸರಗೋಡಿನ ಶಾಲೆ, ವಾಚನಾಲಯ, ಮನೆಗಳಲ್ಲಿ ನಿತ್ಯೋಪಯೋಗಿ ವಸ್ತುವಾಗಿ ಪರಿಣಮಿಸಿದೆ. ಈ ಯಂತ್ರಕ್ಕೆ ತಗಲುವ ವ್ಯಾಧಿಗಳಲ್ಲಿ ಅತಿ ಸಾಮಾನ್ಯವಾದುದು ಕೆಲಸದ ನಡುವೆ ಇದ್ದಕ್ಕಿದ್ದಂತೆ ಸ್ತಬ್ಧವಾಗಿ ನಿಲ್ಲುವುದು. ತೆರೆಯ ಮೇಲಿನ ಚಿತ್ರವು ಹಾಗೆಯೇ ಇರುತ್ತದೆ. ಮೌಸನ್ನು ಎಷ್ಟು ಆಡಿಸಿದರೂ ಬಾಣದ ಗುರುತು ಕದಲದು. ಕೀಲಿಗಳನ್ನು ಒತ್ತಿದರೂ ಅಕ್ಷರ ಮೂಡದು. ಮಕ್ಕಳು ‘ಹ್ಯಾಂಗ್ ಆಯಿತು’ ಎನ್ನುವುದು ಇದನ್ನೇ. ಇದರ ಕಾರಣಗಳನ್ನು ಕ್ರಮವಾಗಿ ಶೋಧಿಸುವ ಬಗೆಯನ್ನು ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಯಂತ್ರವು ನಿಂತೊಡನೆ ಗಾಬರಿಯಿಂದ ವಿದ್ಯುತ್ತಿನ ಸ್ವಿಚ್ಚನ್ನು ಆರಿಸಬಾರದು. ಒಂದೆರಡು ನಿಮಿಷ ಕಾಯಬೇಕು. ಬಳಿಕ ಕೀಲಿಮಣೆಯ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ, ಅದರ ಪುಟ್ಟ ದೀಪವು ಹೊತ್ತಿ ಆರುವುದೋ ಎಂದು ನೋಡಬೇಕು. ದೀಪವು ಸ್ಪಂದಿಸಿದರೆ ಯಂತ್ರದ ಒಳಗಿನ ವ್ಯವಸ್ಥೆ ಇನ್ನೂ ಜೀವಂತವಾಗಿದೆ, ಯಾವುದೋ ಒಂದು ತಂತ್ರಾಂಶ ಮಾತ್ರ ಸಿಕ್ಕಿಹಾಕಿಕೊಂಡಿದೆ ಎಂದು ಬಹುತೇಕ ಊಹಿಸಬಹುದು. ಆಗ ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಆ ತಂತ್ರಾಂಶವನ್ನು ಮಾತ್ರ ಮುಚ್ಚಬಹುದು. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ, ಕೈಟ್ ಸಂಸ್ಥೆಯು ಸಿದ್ಧಪಡಿಸಿದ ಉಬುಂಟು ಆಧಾರಿತ ವ್ಯವಸ್ಥೆಯಲ್ಲಾದರೆ ಕಂಟ್ರೋಲ್, ಆಲ್ಟ್, ಎಫ್-3 ಕೀಲಿಗಳು ಅಕ್ಷರ ಮಾತ್ರದ ಬೇರೊಂದು ತೆರೆಯನ್ನು ತೋರಿಸುತ್ತವೆ; ಅಲ್ಲಿಂದ ಯಂತ್ರವನ್ನು ಕ್ರಮಬದ್ಧವಾಗಿ ಪುನಃ ಆರಂಭಿಸಬಹುದು. ದೀಪವೂ ಸ್ಪಂದಿಸದಿದ್ದರೆ, ಪೆಟ್ಟಿಗೆಯ ಮುಖ್ಯ ಗುಂಡಿಯನ್ನು ಸುಮಾರು 10 ಸೆಕೆಂಡುಗಳ ಕಾಲ ಒತ್ತಿ ಹಿಡಿಯುವುದೊಂದೇ ದಾರಿ.

ಯಂತ್ರವು ಮರಳಿ ಆರಂಭವಾದ ಕೂಡಲೆ ಮಾಡಬೇಕಾದ ಮೊದಲ ಕೆಲಸ ದುರಸ್ತಿಯಲ್ಲ, ನಕಲು. ಮುಖ್ಯವಾದ ಕಡತಗಳನ್ನೆಲ್ಲ ಪೆನ್‌ಡ್ರೈವಿಗೋ ಬೇರೊಂದು ಡಿಸ್ಕಿಗೋ ಇಳಿಸಿಕೊಳ್ಳಬೇಕು. ಕಾರಣವೇನೆಂದರೆ, ಹಾರ್ಡ್ ಡಿಸ್ಕು ಕೆಡುತ್ತಿರುವುದೂ ಈ ವ್ಯಾಧಿಯ ಒಂದು ಮೂಲವಾಗಿರಬಹುದು. ಕೆಟ್ಟ ಭಾಗವನ್ನು ಓದಲಾರದೆ ಡಿಸ್ಕು ಮತ್ತೆ ಮತ್ತೆ ಪ್ರಯತ್ನಿಸುತ್ತಿರುವಾಗ ಇಡೀ ಯಂತ್ರವೇ ಕಾದು ನಿಲ್ಲುತ್ತದೆ. ‘ಟಿಕ್ ಟಿಕ್’ ಎಂಬ ಅಸಹಜ ಶಬ್ದ ಕೇಳಿಸಿದರಂತೂ ತಡಮಾಡಬಾರದು.

ನಕಲಾದ ಮೇಲೆ, ಯಂತ್ರವು ಯಾವಾಗ ನಿಲ್ಲುತ್ತದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ವೈದ್ಯನಿಗೆ ಜ್ವರದ ಪಟ್ಟಿ ಹೇಗೋ ಇಲ್ಲಿ ಇದೂ ಹಾಗೆ. ಒಂದೇ ತಂತ್ರಾಂಶವನ್ನು ತೆರೆದಾಗಲೆಲ್ಲ ನಿಂತರೆ ದೋಷವು ಆ ತಂತ್ರಾಂಶದಲ್ಲಿರಬಹುದು. ಕಡತ ತೆರೆಯುವಾಗ, ಉಳಿಸುವಾಗ ನಿಂತರೆ ಡಿಸ್ಕನ್ನು ಸಂಶಯಿಸಬೇಕು. ಹೊತ್ತುಗೊತ್ತಿಲ್ಲದೆ ನಿಂತರೆ ಸ್ಮೃತಿಫಲಕ, ಅಂದರೆ ರ‍್ಯಾಮ್, ಅಥವಾ ವಿದ್ಯುತ್ ಪೂರೈಕೆಯ ಘಟಕವು ಕಾರಣವಾಗಿರಬಹುದು. ಆರಂಭಿಸಿದ ಅರ್ಧ ಗಂಟೆಗೋ, ಬಿಸಿಲೇರಿದ ಮೇಲೋ ನಿಂತರೆ ಕಾರಣವು ಬಹುಮಟ್ಟಿಗೆ ಉಷ್ಣವೇ.

ನಮ್ಮ ಶಾಲೆಯ ಒಂದು ಯಂತ್ರದ ವೃತ್ತಾಂತವು ಇಲ್ಲಿ ಉಲ್ಲೇಖಾರ್ಹ. ಊರಿನ ಹಿರಿಯರು ಹೇಳಿದ ಹಾಡು, ಗಾದೆ, ಗದ್ದೆ ಗುಡ್ಡಗಳ ಹೆಸರುಗಳನ್ನು ವಿದ್ಯಾರ್ಥಿಗಳು ಹಲವು ವರ್ಷಗಳಿಂದ ಅದರಲ್ಲಿ ಬೆರಳಚ್ಚು ಮಾಡಿದ್ದರು. ಹೇಳಿದವರಲ್ಲಿ ಅನೇಕರು ಈಗಿಲ್ಲ. ಕಳೆದ ಬೇಸಗೆಯಲ್ಲಿ ಅದು ಬೆಳಗ್ಗೆ ಚೆನ್ನಾಗಿ ನಡೆದು, ಮಧ್ಯಾಹ್ನದ ಬಳಿಕ ನಿಲ್ಲತೊಡಗಿತು. ನೋಡಲು ಬಂದ ದುರಸ್ತಿಗಾರರು ಕಡತಗಳನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಕಂಡದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕಡತಗಳು ಕೆಟ್ಟಿವೆ, ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೇ ಲೇಸು ಎಂದು ಅವರು ಸಲಹೆಯಿತ್ತರು. ವಾಸ್ತವವಾಗಿ ಕಡತಗಳು ಕೆಟ್ಟಿರಲಿಲ್ಲ. ಅವು ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅಂತಹ ಕನ್ನಡವು ಹಾಗೆಯೇ ಕಾಣುತ್ತದೆ. ಅವರು ಕನ್ನಡ ಓದಬಲ್ಲವರಾಗಿರಲಿಲ್ಲ. ಅದನ್ನು ಗುರುತಿಸುವುದು ಅವರಿಂದ ಸಾಧ್ಯವೂ ಇರಲಿಲ್ಲ.

ನಕಲು ತೆಗೆದಿಟ್ಟಿದ್ದುದರಿಂದ ನಾವು ನಿಶ್ಚಿಂತೆಯಿಂದ ಪೆಟ್ಟಿಗೆಯನ್ನು ಬಿಚ್ಚಿದೆವು. ಮುರಕಲ್ಲಿನ ಕೆಂಪು ಧೂಳು ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಹಾಸಿತ್ತು. ಪಂಖ ಕಷ್ಟದಿಂದ ತಿರುಗುತ್ತಿತ್ತು. ಮೂಲೆಯಲ್ಲಿ ಹಲ್ಲಿಯ ಮೊಟ್ಟೆಗಳೂ ಇದ್ದವು! ಧೂಳು ತೆಗೆದು, ಒಣಗಿಹೋಗಿದ್ದ ಉಷ್ಣವಾಹಕ ಲೇಪವನ್ನು ಒರಸಿ ಹೊಸದನ್ನು ಹಚ್ಚಿದ ಮೇಲೆ ಯಂತ್ರವು ಒಮ್ಮೆಯೂ ನಿಂತಿಲ್ಲ. ಡಿಸ್ಕಿನಲ್ಲಿ ಯಾವ ದೋಷವೂ ಇರಲಿಲ್ಲ.

ಪೆಟ್ಟಿಗೆಯನ್ನು ಬಿಚ್ಚುವವರು ಕೆಲವು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ವಿದ್ಯುತ್ ತಂತಿಯನ್ನು ಪೂರ್ತಿಯಾಗಿ ಕೀಳಬೇಕು. ಬಳಿಕ ಮುಖ್ಯ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಬರಿದುಮಾಡಬೇಕು. ಫಲಕಗಳನ್ನು ಮುಟ್ಟುವ ಮುನ್ನ ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೈಮೇಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಗಾಳಿ ಊದುವಾಗ ಪಂಖ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ವಿದ್ಯುತ್ ಪೂರೈಕೆಯ ಘಟಕವನ್ನು ಮಾತ್ರ ಎಂದಿಗೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ಮುಖ್ಯ ಫಲಕದ ಮೇಲಿನ ಸಣ್ಣ ಕೊಳವೆಯಾಕಾರದ ಕೆಪಾಸಿಟರುಗಳ ನೆತ್ತಿ ಉಬ್ಬಿದ್ದರೆ ಫಲಕಕ್ಕೆ ಆಯುಸ್ಸು ಮುಗಿಯುತ್ತ ಬಂದಿದೆಯೆಂದು ತಿಳಿಯಬೇಕು.

ಸ್ಮೃತಿಫಲಕವನ್ನು ಕಿತ್ತು, ಅದರ ಹೊಂಬಣ್ಣದ ಅಂಚನ್ನು ಒಣ ಮೃದು ಬಟ್ಟೆಯಿಂದ ಒರಸಿ, ‘ಟಕ್’ ಎಂದು ಕೂರುವಂತೆ ಮರಳಿ ಒತ್ತಿದರೆ ಎಷ್ಟೋ ಸಲ ರೋಗವು ನೀಗುತ್ತದೆ. ಎರಡು ಫಲಕಗಳಿದ್ದರೆ ಒಂದೊಂದನ್ನೇ ಇಟ್ಟು ಪರೀಕ್ಷಿಸಬಹುದು. ವಿಂಡೋಸಿನಲ್ಲಿಯೇ ಸ್ಮೃತಿಯನ್ನು ಪರೀಕ್ಷಿಸುವ ಸಾಧನವುಂಟು. ಮೆಮ್‌ಟೆಸ್ಟ್-86 ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸಿದರೆ ಇನ್ನೂ ಖಚಿತ. ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೋರಿಸುತ್ತದೆ. ಯಂತ್ರವನ್ನು ಸೇಫ್ ಮೋಡಿನಲ್ಲಿ ನಡೆಸಿದಾಗ ಅದು ನಿಲ್ಲದಿದ್ದರೆ, ದೋಷವು ಹೊಸದಾಗಿ ಹಾಕಿದ ಯಾವುದೋ ತಂತ್ರಾಂಶದಲ್ಲೋ ಡ್ರೈವರಿನಲ್ಲೋ ಇರುವ ಸಂಭವ ಹೆಚ್ಚು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ತಯಾರಕರ ಸಾಮಾನ್ಯ ಬೆಂಬಲವು ಕೊನೆಗೊಂಡಿದೆ. ಹಳೆಯ ಯಂತ್ರವುಳ್ಳವರು ಲಿನಕ್ಸನ್ನು ಹಾಕಿಕೊಳ್ಳಬಹುದು. ಹಾರ್ಡ್ ಡಿಸ್ಕಿಗೆ ಬದಲಾಗಿ ಎಸ್‌ಎಸ್‌ಡಿಯನ್ನು ಅಳವಡಿಸಿದರೆ ಅಂತಹ ಯಂತ್ರಗಳೂ ಚುರುಕಾಗುತ್ತವೆ.

ಕೊನೆಯದಾಗಿ ಕನ್ನಡದ ಮಾತು. ಹಳೆಯ ವಿನ್ಯಾಸದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಅನುಕೂಲತೆ ನುಡಿ, ಬರಹ ತಂತ್ರಾಂಶಗಳಲ್ಲಿ ಇದೆ. ಪರಿವರ್ತಿಸಿದ ಮೇಲೆ ಆ ಬರಹವು ಯಾವ ಊರಿನ ಯಾವ ಯಂತ್ರದಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. ದುರಸ್ತಿಗಾರರು ಅದನ್ನು ಕಸವೆಂದು ಭಾವಿಸುವ ಪ್ರಮೇಯವಿಲ್ಲ. ಅಂತಹ ಕಡತಗಳ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಶಾಲೆಯಿಂದ ಅಥವಾ ಮನೆಯಿಂದ ಹೊರಗೆ ಇರಲಿ. ಮಳೆಗಾಲದ ಸಿಡಿಲು ಆರಂಭವಾಗುವ ಮುನ್ನ ನಮ್ಮ ಶಿಕ್ಷಕ ಬಂಧುಗಳೂ ಗೃಹಸ್ಥರೂ ಒಂದು ಶನಿವಾರದ ಅಪರಾಹ್ನವನ್ನು ಈ ಕಾರ್ಯಕ್ಕೆ ಮೀಸಲಿಡಬೇಕೆಂದು ವಿನಂತಿ.