ಗುಂಡಿಗೆ ಬಿದ್ದರೆ ಬಿದ್ದವರದೇ ತಪ್ಪೇ? ಕಾನೂನು ಹೇಳುವುದೇನು?

‘ಕಣ್ಣು ಬಿಟ್ಟು ನಡೆಯಬೇಕಿತ್ತು’, ‘ಹಣೆಬರಹ, ಏನು ಮಾಡೋದು’. ಯಾರಾದರೂ ಎಡವಿ ಬಿದ್ದಾಗ ನಮ್ಮಲ್ಲಿ ಕೇಳಿಬರುವ ಮಾತುಗಳಿವು. ಇದು ಎಷ್ಟು ಸರಿ ಎಂದು ನೋಡೋಣ.

ಮೈಸೂರಿನ ಕುಂಬಾರಕೊಪ್ಪಲಿನ ಒಂದು ಅಡ್ಡರಸ್ತೆಯಲ್ಲಿ ನಲ್ಲಿ ಸಂಪರ್ಕಕ್ಕೆಂದು ರಸ್ತೆ ಅಗೆದು, ಸಂಜೆ ಹಾಗೇ ಬಿಟ್ಟು ಹೋದರು ಎಂದುಕೊಳ್ಳಿ. ದೀಪವಿಲ್ಲ, ಅಡ್ಡಗಟ್ಟಿಲ್ಲ. ರಾತ್ರಿ ಹಾಲು ತರಲು ಹೊರಟವರೊಬ್ಬರು ಬಿದ್ದು ಕಾಲು ಮುರಿದುಕೊಂಡರು. ಅಗೆದವರಿಗೆ ಬಿದ್ದವರ ಪರಿಚಯವೇ ಇಲ್ಲ, ಒಪ್ಪಂದವೂ ಇಲ್ಲ. ಹಾಗಿದ್ದರೂ ಹೊಣೆ ಹೇಗೆ?

ಇದಕ್ಕೆ ಉತ್ತರ ಬಂದದ್ದು ಒಂದು ಬಸವನಹುಳುವಿನಿಂದ! ಸ್ಕಾಟ್ಲೆಂಡಿನಲ್ಲಿ ಮಹಿಳೆಯೊಬ್ಬರು ಕುಡಿದ ಶುಂಠಿ ಪಾನೀಯದ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬ ಮೊಕದ್ದಮೆಯಲ್ಲಿ, 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಒಂದು ಸೂತ್ರ ಕೊಟ್ಟಿತು. ನಮ್ಮ ಕೆಲಸದಿಂದ ಯಾರಿಗೆ ಪೆಟ್ಟಾಗಬಹುದೆಂದು ಮೊದಲೇ ಊಹಿಸಬಹುದೋ ಅವರೆಲ್ಲರ ಬಗ್ಗೆ ಎಚ್ಚರ ವಹಿಸುವುದು ನಮ್ಮ ಕರ್ತವ್ಯ. ರಸ್ತೆ ಅಗೆದರೆ ಯಾರೋ ನಡೆದು ಬರುತ್ತಾರೆಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ.

ಆದರೆ ಕರ್ತವ್ಯವಿದ್ದರಷ್ಟೇ ಸಾಲದು. ಸಾಮಾನ್ಯ ವಿವೇಕವುಳ್ಳವರು ಮಾಡುವಷ್ಟನ್ನು ಮಾಡಲಿಲ್ಲ, ಅದರಿಂದಲೇ ಪೆಟ್ಟಾಯಿತು, ನಿಜವಾದ ನಷ್ಟವೂ ಆಯಿತು ಎಂದು ತೋರಿಸಬೇಕು. ಗುಂಡಿ ಇತ್ತು, ಆದರೆ ಯಾರೂ ಬೀಳಲಿಲ್ಲ ಎಂದರೆ ಪರಿಹಾರದ ಪ್ರಶ್ನೆಯೇ ಇಲ್ಲ.

ಸಾಬೀತು ಮಾಡುವುದೇ ಕಷ್ಟದ ಭಾಗ. ಆದರೆ ಕೆಲವೊಮ್ಮೆ ಘಟನೆಯೇ ಸಾಕ್ಷಿ ಹೇಳುತ್ತದೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ಪಾಲಿಕೆಯನ್ನೇ ಹೊಣೆ ಮಾಡಿತು. ಗೋಪುರಕ್ಕೆ ಸುಮಾರು 80 ವರ್ಷ. ಬಳಸಿದ ಗಾರೆಯ ಬಾಳಿಕೆ 40–45 ವರ್ಷ ಮಾತ್ರ. ‘ದೋಷ ಹೊರಗೆ ಕಾಣುತ್ತಿರಲಿಲ್ಲ’ ಎಂಬ ನೆಪವೂ ನಡೆಯಲಿಲ್ಲ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತದ್ದನ್ನು ಕಂಡ ಮೈಸೂರಿಗರಿಗೆ ಇದು ಬರೀ ದೆಹಲಿಯ ಸುದ್ದಿಯಲ್ಲ.

ಸರ್ಕಾರಿ ರಸ್ತೆಯಾದರೆ ಕೇಳುವಂತಿಲ್ಲ ಎಂಬ ನಂಬಿಕೆಯೂ ಇದೆ. 2019ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್, ಸುಸ್ಥಿತಿಯ ರಸ್ತೆ ನಾಗರಿಕರ ಮೂಲಭೂತ ಹಕ್ಕಿನ ಭಾಗ, ಗುಂಡಿಯಿಂದ ಹಾನಿಯಾದವರು ಬಿಬಿಎಂಪಿಯಿಂದ ಪರಿಹಾರ ಕೇಳಬಹುದು ಎಂದಿತು.

ಇನ್ನು ‘ಮಾಲೀಕರು ಜವಾಬ್ದಾರರಲ್ಲ’ ಎಂಬ ಬೋರ್ಡು. ದೆಹಲಿಯ ಹೋಟೆಲೊಂದರ ಸಿಬ್ಬಂದಿ ಕೈಗೆ ಕೀಲಿ ಕೊಟ್ಟ ಕಾರು ಕಳುವಾದಾಗ, ಚೀಟಿಯಲ್ಲಿ ಹಾಗೆ ಅಚ್ಚು ಹಾಕಿದ್ದರೂ ತನ್ನದೇ ನಿರ್ಲಕ್ಷ್ಯದಿಂದ ಹೋಟೆಲು ಪಾರಾಗಲಾರದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಕಾರಿನ ಕಥೆ ಅದು, ನಿಜ. ಕಾಲಿಗೆ ಅದಕ್ಕಿಂತ ಕಡಿಮೆ ಬೆಲೆಯೇನಲ್ಲವಲ್ಲ!

ಬಿದ್ದವರ ತಪ್ಪು ಸ್ವಲ್ಪವಿದ್ದರೆ? ಹಕ್ಕು ಪೂರ್ತಿ ಹೋಗುವುದಿಲ್ಲ, ಮೊತ್ತ ಕಡಿಮೆಯಾಗುತ್ತದೆ. ನಷ್ಟ 1 ಲಕ್ಷ, ಅವರ ಪಾಲಿನ ತಪ್ಪು ಶೇ. 25 ಎಂದಾದರೆ ಸಿಗುವುದು 75 ಸಾವಿರ. ಆ ತಪ್ಪು ಅಪಘಾತಕ್ಕೋ ಗಾಯಕ್ಕೋ ಕಾರಣವಾಗಿರಬೇಕು ಅಷ್ಟೇ. ಬೈಕಿನಲ್ಲಿ ಮೂವರಿದ್ದರು ಎಂಬುದೊಂದೇ ಪರಿಹಾರ ಕಡಿತಕ್ಕೆ ಸಾಲದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಆದ್ದರಿಂದ ಕುಂಬಾರಕೊಪ್ಪಲಿನ ಆ ರಾತ್ರಿ ಮೊದಲು ಆಸ್ಪತ್ರೆ. ಜೊತೆಗಿದ್ದವರು ಗುಂಡಿಯ ಫೋಟೋ ಆಗಲೇ ತೆಗೆಯಲಿ. ಬೆಳಿಗ್ಗೆ ಅದು ಮುಚ್ಚಿರುತ್ತದೆ.