ಔಷಧಿಯ ಬಿಲ್ಲು ಯಾರ ಪಾಲಿಗೆ?



ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಮನೆಯ ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. ಹೈದರಾಬಾದಿನ ನಮ್ಮ ಕನ್ನಡ ಕುಟುಂಬಗಳಲ್ಲೂ ತಂದೆತಾಯಿ ಬೇರೆಯಾಗುವುದುಂಟು. ಆಗ ಮಗುವಿನ ಕನ್ನಡಕ, ಹಲ್ಲಿಗೆ ಹಾಕಿಸುವ ತಂತಿ ಮುಂತಾದ, ವಿಮೆ ಸಾಮಾನ್ಯವಾಗಿ ಭರಿಸದ ಖರ್ಚು ಯಾರದು?

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ಊಟ, ಬಟ್ಟೆ, ವಸತಿ, ವಿದ್ಯೆಗಳ ಜೊತೆಗೆ ವೈದ್ಯಕೀಯ ಚಿಕಿತ್ಸೆಯೂ ಜೀವನಾಂಶವೇ. ಅಪ್ರಾಪ್ತ ಮಕ್ಕಳು ಅದನ್ನು ತಂದೆಯಿಂದಲೂ ತಾಯಿಯಿಂದಲೂ ಕೇಳಬಹುದು. ಇಬ್ಬರೂ ದುಡಿಯುತ್ತಿದ್ದರೆ? 2000ನೇ ಇಸವಿಯ ಒಂದು ಮೊಕದ್ದಮೆಯಲ್ಲಿ ತಂದೆಯ ಸಂಬಳ ತಾಯಿಯದರ ಎರಡರಷ್ಟಿತ್ತು. ಸುಪ್ರೀಂ ಕೋರ್ಟು ಮಕ್ಕಳ ಖರ್ಚನ್ನು 2:1ರಂತೆ ಹಂಚಿತು. ಆ ಲೆಕ್ಕದಲ್ಲಿ, ವಿಮೆ ಕಳೆದು 30,000 ರೂಪಾಯಿ ಉಳಿದರೆ ತಂದೆಯ ಪಾಲು 20,000, ತಾಯಿಯದು 10,000.

ಕುಟುಂಬ ನ್ಯಾಯಾಲಯಕ್ಕೆ ಒಪ್ಪಂದ ಸಲ್ಲಿಸುವಾಗಲೇ ಈ ಪಾಲನ್ನೂ, ಬಿಲ್ಲು ಕಳಿಸುವ ಮತ್ತು ಹಣ ಕೊಡುವ ಗಡುವನ್ನೂ ಬರೆಸಿಕೊಂಡರೆ ಮುಂದೆ ತಕರಾರು ಕಡಿಮೆ.

ನೀವು ಅಂಥ ಮನೆಯ ಮಕ್ಕಳಾಗಿದ್ದರೆ ಒಂದು ಮಾತು ನೆನಪಿರಲಿ. ಚಿಕಿತ್ಸೆ ನಿಮ್ಮ ಹಕ್ಕು. ಬಿಲ್ಲು ಹಿಡಿದು ಇಬ್ಬರ ನಡುವೆ ಓಡಾಡುವುದು ನಿಮ್ಮ ಕೆಲಸವಲ್ಲ.